ಭಾನುವಾರದ ಬೆಳ್ಳಿ ಬಣ್ಣ

ಹೊಸೂರಿನ ಬೈಕ್ ಕಾರ್ಖಾನೆಯೊಂದರಲ್ಲಿ ಬಣ್ಣ ಹೊಡೆದು ಬಂದ ಪೆಟ್ರೋಲ್ ಟ್ಯಾಂಕುಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಸಾಲು ಟ್ಯೂಬ್‌ಲೈಟುಗಳ ಕೆಳಗೆ ನಿಂತು ಟ್ಯಾಂಕನ್ನು ಅತ್ತಿತ್ತ ವಾಲಿಸಿ, ಎಲ್ಲಿ ಧೂಳು ಕೂತಿದೆ, ಎಲ್ಲಿ ಬಣ್ಣ ಇಳಿದಿದೆ ಎಂದು ಹುಡುಕಿ ಕೆಂಪು ಪೆನ್ಸಿಲಿನಲ್ಲಿ ಒಂದು ಸುತ್ತು ಎಳೆಯುತ್ತೇನೆ. ಸುತ್ತು ಬಿದ್ದದ್ದು ಉಜ್ಜಿ ಮತ್ತೆ ಬಣ್ಣ ಹೊಡೆಯಲು ರೀವರ್ಕಿಗೆ ಹೋಗುತ್ತದೆ. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡಿ ನನ್ನ ಕಣ್ಣು ಕೆಟ್ಟುಹೋಗಿದೆ. ಮದುವೆ ಮನೆಗೆ ಹೋದರೂ ಸ್ಟೀಲ್ ಚೊಂಬಿನ ಮೇಲಿನ ಗೀರು ಮೊದಲು ಕಾಣುತ್ತದೆ, ಎದುರಿಗೆ ಕೂತವರ ಮುಖ ಆಮೇಲೆ.

ನಮ್ಮ ಯಜಮಾನರು ತಳಿ ಪಟ್ಟಣದ ಹತ್ತಿರದ ನಮ್ಮೂರಲ್ಲಿ ರಾಗಿ ಬೆಳೆಯುತ್ತಾರೆ, ದಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ, ಬಿಡುವಾದಾಗ ವಿಮಾನ ಮಾಡುತ್ತಾರೆ. ಡಬ್ಬಿಯಲ್ಲಿ ತುಂಡು ತುಂಡಾಗಿ ಬರುವ ಪ್ಲಾಸ್ಟಿಕ್ ಭಾಗಗಳನ್ನು ಅಂಟಿಸಿ ಮಾಡುವ, ಮೊಳದುದ್ದದ ಮಾದರಿ ವಿಮಾನಗಳು. ಚಿಕ್ಕವರಿದ್ದಾಗ ಹೊಲದಲ್ಲಿ ಕಳೆ ಕೀಳುತ್ತಿದ್ದರಂತೆ, ಬೆಳ್ಳಿ ಬಣ್ಣದ ವಿಮಾನವೊಂದು ತೀರಾ ಕೆಳಗೆ ಹಾರಿ ಹೋಯಿತಂತೆ. ಹೊಲದಲ್ಲಿದ್ದ ಬೇರೆಯವರೆಲ್ಲ ತಲೆ ತಗ್ಗಿಸಿ ಮತ್ತೆ ಕಳೆ ಕಿತ್ತರು. ಇವರು ಇನ್ನೂ ಮೇಲೆ ನೋಡುತ್ತಲೇ ಇದ್ದಾರೆ. ಊರಿನವರಿಗೆ ಇದೊಂದು ತಮಾಷೆ. "ಏನ್ಲಾ, ನಿನ್ ಇಮಾನ ಕೃಷ್ಣಗಿರಿಗೆ ಹೋಯ್ತದಾ, ಇಲ್ಲಾ ನಮ್ಗೆ ಬಸ್ಸೇ ಗತಿನಾ?" ಎನ್ನುತ್ತಾರೆ.

ಇವರ ವಿಮಾನಕ್ಕೂ ಆ ಬೆಳ್ಳಿ ಬಣ್ಣವೇ ಆಗಬೇಕು. ಬೇರೆ ಬಣ್ಣ ತಪ್ಪನ್ನು ಮುಚ್ಚುತ್ತದೆ, ಬೆಳ್ಳಿ ಎತ್ತಿ ತೋರಿಸುತ್ತದೆ. ಅದಕ್ಕೇ ಮೊದಲು ವಿಮಾನದ ಮೈಯೆಲ್ಲ ನೀರು ಹಾಕಿ ವಾಟರ್ ಪೇಪರ್ ಎಂಬ ನುಣ್ಣನೆಯ ಉಜ್ಜುಕಾಗದದಲ್ಲಿ ಉಜ್ಜಬೇಕು. ಅದರ ಮೇಲೆ ಮುಖ ಕಾಣುವಷ್ಟು ಹೊಳೆಯುವ ಕಪ್ಪು ಬಣ್ಣ. ಅದು ಚೆನ್ನಾಗಿ ಒಣಗಿದ ಮೇಲೆ ಬೆಳ್ಳಿಯನ್ನು ಮಂಜಿನ ಹಾಗೆ ತೆಳ್ಳಗೆ, ನಾಲ್ಕೈದು ಸಲ. ಇದಕ್ಕೆ ಇವರು ಆರಿಸಿಕೊಂಡದ್ದು ಭಾನುವಾರದ ಬೆಳಗ್ಗೆ. ಅತ್ತೆ ಅಂಗಳಕ್ಕೆ ನೀರು ಚಿಮುಕಿಸಿದ ಮೇಲೆ ಧೂಳು ಏಳುವುದಿಲ್ಲ, ನಾನೂ ಮನೆಯಲ್ಲಿರುತ್ತೇನೆ. ಕಪ್ಪು ವಿಮಾನವನ್ನು ತಂದು ನನ್ನ ಕೈಗೆ ಕೊಡುತ್ತಾರೆ. ನಾನು ಎಡಗೈಯಲ್ಲಿ ರೆಕ್ಕೆಯ ಬುಡ ಹಿಡಿದು ಬೆಳಕಿಗೆ ವಾಲಿಸಿ ನೋಡಿ, "ಆಗ್ಲಿ, ಹೊಡೀರಿ" ಎನ್ನುತ್ತೇನೆ. ಬೆಳ್ಳಿ ಒಣಗಿದ ಮೇಲೆ ಮತ್ತೆ ನನ್ನ ಮುಂದೆ ಹಾಜರು.

ಒಂದೂವರೆ ವರ್ಷದಲ್ಲಿ ಮೂರು ವಿಮಾನವಾದವು. ಮೂರನ್ನೂ ನಾನು ಪಾಸ್ ಮಾಡಲಿಲ್ಲ. ಎಡ ರೆಕ್ಕೆಯ ಬುಡದಲ್ಲಿ ಸಣ್ಣ ಸಣ್ಣ ಗುಂಡಿ. ಕೆಸುವಿನೆಲೆಯ ಮೇಲೆ ನೀರು ನಿಲ್ಲದ ಹಾಗೆ ಬಣ್ಣ ಅಲ್ಲಿ ಹಿಂದೆ ಸರಿದುಕೊಂಡಿತ್ತು. ಕೆಂಪು ಸುತ್ತು ಎಳೆದೆ. ಗಂಡ ಅಂತ ಬಿಟ್ಟರೆ ನಾಳೆ ಟ್ಯಾಂಕನ್ನೂ ಬಿಟ್ಟೇನು ಎನ್ನುವ ಜಂಬ ನನಗೆ. ಅವರು ಥಿನ್ನರ್ ಬದಲಾಯಿಸಿದರು, ಬಣ್ಣ ಚಿಮ್ಮಿಸಲು ಹಳೇ ಫ್ರಿಜ್ಜಿನಿಂದ ಮಾಡಿಕೊಂಡ ಗಾಳಿ ಕಂಪ್ರೆಸ್ಸರಿಗೆ ಫಿಲ್ಟರ್ ಹಾಕಿದರು, ಬಣ್ಣವನ್ನು ಬಟ್ಟೆಯಲ್ಲಿ ಸೋಸಿದರು. ಮೂರನೆಯದಕ್ಕೂ ಸುತ್ತು ಬಿದ್ದಾಗ, "ಸಾಕು ಕಣೆ, ನನ್ ಕೈಗೆ ಬೆಳ್ಳಿ ಒಲಿಯಾಕಿಲ್ಲ. ಕಂಪ್ರೆಸ್ಸರ್ನ ನಾಟ್ರಾಂಪಾಳ್ಯದ ಭಾವಂಗೆ ಕೊಟ್ಬುಡ್ತೀನಿ, ಟೈರಿಗೆ ಗಾಳಿನಾದ್ರೂ ತುಂಬ್ಲಿ" ಎಂದರು.

ಅಂದು ಸಂಜೆ ಮೂರೂ ವಿಮಾನಗಳನ್ನು ಕಪಾಟಿನಲ್ಲಿ ಒಂದರ ಪಕ್ಕ ಒಂದು ಇಡುತ್ತಿದ್ದೆ. ಮೂರು ಸುತ್ತೂ ಒಂದೇ ಜಾಗದಲ್ಲಿದ್ದವು. ಒಂದನ್ನು ಎತ್ತಿಕೊಂಡೆ. ನನ್ನ ಎಡಗೈ ಹೆಬ್ಬೆಟ್ಟು ಸರಿಯಾಗಿ ಸುತ್ತಿನೊಳಗೆ ಕೂತಿತು.

ಎಣ್ಣೆ ತಾಗಿದ ಕಡೆ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಂಡು ಬಂದವರನ್ನು ಪೇಂಟ್ ಶಾಪಿನೊಳಗೆ ಬಿಡುವುದಿಲ್ಲ. ವಾರದಲ್ಲಿ ಆರು ದಿನ ನನ್ನದು ಒಣಗಿದ ತಲೆ. ಭಾನುವಾರ ಬಂದರೆ ಅತ್ತೆ ಬೆಳಗ್ಗೆಯೇ ಕೂರಿಸಿಕೊಂಡು ಹರಳೆಣ್ಣೆ ತಟ್ಟುತ್ತಾರೆ. ಎಣ್ಣೆ ಇಳಿಯುವ ಕೂದಲನ್ನು ಗಂಟು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ನಾನು ವಿಮಾನ ಮುಟ್ಟುತ್ತಿದ್ದೆ. ಕಾರ್ಖಾನೆಯಲ್ಲಾದರೆ ಕೈಗವಸು ಇರುತ್ತದೆ. ಮನೆಯಲ್ಲಿ ಯಾರು ಹಾಕಿಕೊಳ್ಳುತ್ತಾರೆ?

ಸೋಮವಾರ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಕಂಪ್ರೆಸ್ಸರ್ ಹೋಗುತ್ತದೆ, ನನ್ನ ಕಣ್ಣಿನ ಹೆಸರು ಉಳಿಯುತ್ತದೆ. ಹೀಗೆ ಲೆಕ್ಕ ಹಾಕಿದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಬುಧವಾರ ಕಂಪನಿ ಬಸ್ಸಿಳಿದು ಬಂದಾಗ ಇವರು ಜಗಲಿಯ ಮೇಲೆ ಕಂಪ್ರೆಸ್ಸರನ್ನು ಗೋಣಿಚೀಲಕ್ಕೆ ತುಂಬುತ್ತಿದ್ದರು.

"ಏನೂಂದ್ರೆ, ಅದ್ನ ಕಟ್ಬ್ಯಾಡಿ. ಗುಂಡಿ ಬಿದ್ದಿರೋದು ನಿಮ್ ಕೈಯಿಂದಲ್ಲ, ನನ್ ಎಣ್ಣೆ ಕೈಯಿಂದ" ಎಂದೆ.

ಅವರು ಒಳಗೆ ಹೋಗಿ ಮೂರನ್ನೂ ತಂದರು. ನನ್ನ ಹೆಬ್ಬೆಟ್ಟು ಹಿಡಿದು ಒಂದೊಂದೇ ಸುತ್ತಿನ ಮೇಲೆ ಇಟ್ಟು ನೋಡಿದರು. ಬೈಯುತ್ತಾರೆ ಎಂದು ಕಾಯುತ್ತಿದ್ದೆ. "ಇಷ್ಟ್ ದಿನ ನನ್ ಕೈಯೇ ಸರಿ ಇಲ್ಲ ಅನ್ಕೊಂಡಿದ್ನಲ್ಲೇ" ಎಂದರು, ಅಷ್ಟೆ. ಬೈದಿದ್ದರೆ ವಾಸಿಯಾಗಿತ್ತು. ನನಗೆ ಅಳು ಬಂತು. ಒಳಗಿನಿಂದ ಅತ್ತೆ, "ಎಣ್ಣೆ ಹಚ್ಚಿದ್ದು ನಾನು, ನಂಗೂ ಒಂದು ಸುತ್ತು ಹಾಕ್ಬುಡಮ್ಮ" ಎಂದದ್ದಕ್ಕೆ ಮೂವರೂ ನಕ್ಕೆವು.

ಮೂರನೆಯ ವಿಮಾನದ ರೀವರ್ಕ್ ನಾನೇ ಮಾಡುತ್ತೇನೆಂದು ಹಟ ಹಿಡಿದೆ. ಒಂದು ರೆಕ್ಕೆಯ ಬೆಳ್ಳಿಯನ್ನು ಉಜ್ಜಿ ತೆಗೆದು ನುಣ್ಣಗೆ ಮಾಡಲು ನಾಲ್ಕು ಸಂಜೆ ಹಿಡಿಯಿತು. ಬೆರಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟಿತು. ಹನ್ನೊಂದು ವರ್ಷದಲ್ಲಿ ನಾನು ಎಳೆದ ಸುತ್ತುಗಳನ್ನು ಯಾರೋ ಹೀಗೆ ಕೂತು ಉಜ್ಜಿದ್ದಾರೆ ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಸುತ್ತು ಎಳೆಯುವುದನ್ನೇನೂ ಬಿಟ್ಟಿಲ್ಲ. ಆದರೆ ಈಗ ರೀವರ್ಕ್ ಟೇಬಲ್ಲಿನವರ ಹತ್ತಿರ ಹೋಗಿ ಎರಡು ಮಾತಾಡಿ ಬರುತ್ತೇನೆ.

ಮತ್ತೆ ಕಪ್ಪು ಹೊಡೆದು, ಒಣಗಿಸಿ, ಮುಂದಿನ ಭಾನುವಾರ ಇವರು ಇಡೀ ವಿಮಾನಕ್ಕೆ ಬೆಳ್ಳಿ ಹೊಡೆದರು. ಅಂದು ನಾನು ಎಣ್ಣೆಗೆ ಕೂರಲಿಲ್ಲ, ಅತ್ತೆ ಮುಖ ಊದಿಸಿಕೊಂಡರು. ಒಣಗಿದ ಮೇಲೆ ಯಜಮಾನರು ವಿಮಾನವನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಬಂದರು. ರೆಕ್ಕೆಯಲ್ಲಿ ನಮ್ಮ ಸೂರಿನ ಅಂಚು ನೆಟ್ಟಗೆ ಕಾಣುತ್ತಿತ್ತು. ಕೈಗವಸು ಹಾಕಿಕೊಂಡು ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದೆ. ಎಡ ರೆಕ್ಕೆ ಸರಿ, ಬಲ ರೆಕ್ಕೆ ಸರಿ.

"ಬಾಲದ ಅಡೀಲಿ ಒಂದು ಧೂಳೈತೆ" ಎಂದೆ. ಹೇಳದೆ ಇರಲಾಗಲಿಲ್ಲ.

ಅವರು ವಿಮಾನವನ್ನು ತೆಗೆದುಕೊಂಡು ಅಡಿಮೇಲು ಮಾಡಿ ಬಹಳ ಹೊತ್ತು ನೋಡಿದರು. "ಹೂಂ ಕಣೆ, ಇದು ನಂದೇ" ಎಂದರು. ಅಷ್ಟು ಖುಷಿಯಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ಕಂಡಿಲ್ಲ.