ಎಂಟು ಡ್ರಮ್ ಸಿಹಿನೀರು

ಜಗಳೂರಿನ ಕಲ್ಲೇಶಪ್ಪನಿಗೆ ನೀರು ಚೆಲ್ಲುವುದೆಂದರೆ ಮೈಮೇಲೆ ಕೆಂಡ ಬಿದ್ದಂತೆ. ಮುಖ ತೊಳೆದ ನೀರನ್ನೂ ಕರಿಬೇವಿನ ಬುಡಕ್ಕೆ ಹಾಕಿಸುತ್ತಿದ್ದ ಭೀಮಕ್ಕನ ಮಗ ಅವನು. ಅಂಥವನಿಗೆ ರಾಜಸ್ಥಾನದ ಮರಳುಗಾಡಿನಲ್ಲಿ ಸಿಕ್ಕ ಕೆಲಸವೆಂದರೆ, ಅನಿಲ ಬಾವಿಯೊಳಗೆ ವಾರಕ್ಕೆರಡು ಸಲ ಎಂಟೆಂಟು ಡ್ರಮ್ ಸಿಹಿನೀರು ಇಳಿಸುವುದು. ಅನಿಲದ ಜೊತೆ ಮೇಲೇರುವ ಉಪ್ಪುನೀರು ದಾರಿಯಲ್ಲೇ ಆರಿ ಕೊಳವೆಯೊಳಗೆ ಉಪ್ಪು ಕಟ್ಟುತ್ತದೆ. ಅದು ಗಟ್ಟಿಯಾಗುವ ಮೊದಲೇ ಕರಗಿಸಲು ಸಿಹಿನೀರೇ ಆಗಬೇಕು. ಇದೆಲ್ಲ ಅವನ ತಲೆಗೆ ತಿಳಿದಿತ್ತು. ಕೈಗೆ ಮಾತ್ರ ತಿಳಿಯಲಿಲ್ಲ.

ಬೇಲಿಯಾಚೆ ಕುರಿ ಕಾಯುವ ಮುದುಕಿಯೊಬ್ಬಳು ಒಣಗಿದ ತೊಟ್ಟಿಯ ಬಳಿ ನಿಂತಿರುತ್ತಿದ್ದಳು. ಒಂದು ದಿನ ಮೂರು ಡ್ರಮ್ ನೀರನ್ನು ಅಲ್ಲಿಗೆ ಹರಿಸಿದ. ಪಾಳಿಯ ಲೆಕ್ಕದ ಪುಸ್ತಕದಲ್ಲಿ ಎಂಟೆಂದೇ ಬರೆದ. ಆಮೇಲೆ ಅದೇ ರೂಢಿಯಾಯಿತು.

ನಾಲ್ಕನೆಯ ತಿಂಗಳಿಗೆ ಉಪ್ಪು ಗಟ್ಟಿಯಾಗಿ ಬಾವಿ ಕಟ್ಟಿಕೊಂಡಿತು. ಪುಸ್ತಕ ತಿರುವಿದವರಿಗೆ ಕಲ್ಲೇಶಪ್ಪನ ದುಂಡಾದ ಅಕ್ಷರಗಳು ಕಂಡವು; ಇನ್ನೊಂದು ಪಾಳಿಯ ನಿಂಗರಾಜನದು ಎರಡು ಸಾಲು ಖಾಲಿ. ಸವಳಂಗದ ಈ ಗೆಳೆಯ ನೀರು ಹಾಕಿ, ಬರೆಯುವುದನ್ನು ಮರೆತಿದ್ದ. ಅವನನ್ನೇ ಕೆಲಸದಿಂದ ತೆಗೆದರು. ಕಲ್ಲೇಶಪ್ಪ ನಾಲಿಗೆಗೆ ಬಂದ ಮಾತನ್ನು ನುಂಗಿ, ಅವನ ಟ್ರಂಕನ್ನು ಜೀಪಿಗೇರಿಸಿದ.

ಒಂದೂವರೆ ವರ್ಷದ ನಂತರ, ರಜೆಯಲ್ಲಿ ಊರಿಗೆ ಬಂದವನು ಸವಳಂಗದ ಬಸ್ಸು ಹತ್ತಿದ. ನಿಂಗರಾಜ ಅಂಗಳದಲ್ಲಿ ಮೆಕ್ಕೆಜೋಳ ಸುಲಿಯುತ್ತಿದ್ದ.

“ಬರ್ರೀ, ಎಂಟ್ ಡ್ರಮ್ ಸಾಹೇಬ್ರು! ಒಂದು ಹನಿ ಲೆಕ್ಕ ತಪ್ಪದೋರು!”

ಅವನ ಹೆಂಡತಿ ಕಾವ್ಯಶ್ರೀ ಚೊಂಬಿನಲ್ಲಿ ನೀರು ತಂದಿಟ್ಟಳು. ಕಲ್ಲೇಶಪ್ಪ ಮುಟ್ಟಲಿಲ್ಲ.

“ಐದೇ ಹಾಕ್ತಿದ್ದೆ, ನಿಂಗರಾಜ. ಮೂರು ಆ ಮುದುಕಿ ಕುರಿಗೆ ಬಿಡ್ತಿದ್ದೆ.”

ನಿಂಗರಾಜ ಕೈಯಲ್ಲಿದ್ದ ತೆನೆಯನ್ನು ಕೆಳಗಿಟ್ಟ. “ಕುರಿಗೆ ನೀರು ಬಿಟ್ಟಿದ್ದು ಪುಣ್ಯಾನೇ ಇರ್ಲಿ. ನಾನು ಜೀಪು ಹತ್ತಾಕೆ ಹೊಂಟಾಗ ಬಾಯಿಗೇನಾಗಿತ್ರೀ?”



“ನಮ್ಮ ಮಾವ ಇವತ್ತಿಗೂ ಇವರನ್ನ ಕೆಲಸಗಳ್ಳ ಅಂತಾನೇ ಕರೆಯಾದು,” ಎಂದಳು ಕಾವ್ಯಶ್ರೀ. “ನಿಮ್ಮ ಅಕ್ಷರ ಚೆಂದ ಐತಂತಲ್ಲ. ಕಂಪನಿಗೆ ಬರ್ದುಕೊಡ್ರಿ.”

ಅವಳು ತಂದ ಹಾಳೆಯ ಮೇಲೆ ಅವನು ಬಾವಿಯ ಸಂಖ್ಯೆ, ಆ ನಾಲ್ಕು ತಿಂಗಳುಗಳ ಹೆಸರು, ಪ್ರತಿಯೊಂದರ ಮುಂದೆಯೂ ‘ಎಂಟಲ್ಲ, ಐದು’ ಎಂದು ಬರೆದ. ತನ್ನ ಕೆಲಸ ಹೋಗುವುದು ಖಚಿತವೆಂದು ತಿಳಿದೇ ಸಹಿ ಹಾಕಿದ.

“ಹೋಗ್ತಾ ಅಂಚೆಗೆ ಹಾಕ್ತೀನಿ,” ಎಂದು ಎದ್ದ.

“ಬ್ಯಾಡ್ರಿ.” ನಿಂಗರಾಜ ಹಾಳೆಯನ್ನು ಇಸಿದುಕೊಂಡು, ಮಡಚಿ ಅಂಗಿಯ ಜೇಬಿಗಿಟ್ಟ. “ಈ ಸಲ ನಾನೇ ಹಾಕ್ತೀನಿ.”