ಅವರು ಆರಿಸಿದ ಎಂಜಿನ್

ಚನ್ನಗಿರಿಯ ಆ ಪಂಪ್‌ಸೆಟ್ ಮೆಕ್ಯಾನಿಕ್, ಓಡುತ್ತಿರುವ ಎಂಜಿನ್ ಮೇಲೆ ತುಂಬಿದ ಚಹಾ ಲೋಟ ಇಟ್ಟು ಅದರ ನಡುಕ ನೋಡುತ್ತಿದ್ದರು. "ಓಡಾದು ಆಮೇಲೆ, ಮೊದ್ಲು ನಿಲ್ಲಾದು ನೋಡ್ರಿ" ಎಂಬುದು ಅವರ ಮಾತು.

ಎಂಬತ್ತರ ದಶಕ. ಕಾಲೇಜಿನಲ್ಲಿದ್ದ ನಾನು ಕಟ್ಟಿದ್ದ ನಾಲ್ಕು ಚಕ್ರದ ಪುಟ್ಟ ಗಾಡಿಗೆ ಅವರು ಔಷಧಿ ಹೊಡೆಯುವ ಪಂಪಿನ ಸಣ್ಣ ಎಂಜಿನ್ ಆರಿಸಿದರು. ನನಗದು ಅವಮಾನವೆನಿಸಿತು. ಅವರಿಗೆ ಹೇಳದೆ ಹಳೇ ಸ್ಕೂಟರಿನ ಎಂಜಿನ್ ಕೂರಿಸಿ, ಗೋಡೆಗೆ ಗುದ್ದಿ ಕೈ ಮುರಿದುಕೊಂಡೆ.

ಅಪ್ಪ ನನ್ನನ್ನು ಅವರ ಅಂಗಡಿಗೆ ಎಳೆದೊಯ್ದು ಕೂಗಾಡಿದರು: "ಹುಡುಗ್ರಿಗೆ ಎಂಥಾ ಎಂಜಿನ್ ಕೊಡ್ಬೇಕು ಅಂತ ಗೊತ್ತಿಲ್ಲೇನ್ರಿ?"

ಎಂಜಿನ್ ಬದಲಿಸಿದ್ದು ನಾನೇ ಎಂದು ಅಪ್ಪನಿಗೆ ಹೇಳಿರಲಿಲ್ಲ. ಮೆಕ್ಯಾನಿಕ್ ನನ್ನ ಮುಖವನ್ನೊಮ್ಮೆ ನೋಡಿದರು.

"ತಪ್ಪಾತ್ರಿ ಯಜಮಾನ್ರೇ."

ಬೆಂಚಿನ ಮೇಲೆ ಆ ಸಣ್ಣ ಎಂಜಿನ್ ಒರೆಸಿಟ್ಟಿತ್ತು, ಸೀಮೆಸುಣ್ಣದಲ್ಲಿ ನನ್ನ ಹೆಸರು ಬರೆದಿತ್ತು. ಅಪ್ಪನ ಕಣ್ಣು ಅತ್ತ ಹೊರಳುವ ಮೊದಲೇ ಅವರು ಅದರ ಮೇಲೆ ಗೋಣಿಚೀಲ ಎಳೆದರು.