ಅತ್ತೆಯ ಮಂಚದ ಮೇಲೆ ಆರು ವಾರ

ಹದಿನೇಳು ವರ್ಷಗಳಿಂದ ನಾನು ಪಾತ್ರೆ ತಿಕ್ಕುತ್ತಿರುವ ಕ್ರಮವೇ ಸರಿಯಿಲ್ಲ ಎಂಬುದು ನನಗೆ ತಿಳಿದದ್ದು ಯಾದಗಿರಿಯ ಶಿಕ್ಷಕರ ತರಬೇತಿಯಲ್ಲಿ. ತಿಕ್ಕುವಾಗ ಮನಸ್ಸಿನಲ್ಲಿ ಕೃತಜ್ಞತೆ ಇರಬೇಕಂತೆ. ತರಬೇತಿ ಕೊಡಲು ಬೇರೆ ಊರಿನಿಂದ ಬಂದವರು, ಇಸ್ತ್ರಿಯ ಗೆರೆ ಮಾಸದ ಬಿಳಿ ಅಂಗಿ ತೊಟ್ಟುಕೊಂಡು, ಕಸಬರಿಗೆ ಹಿಡಿದಾಗ ಒಳಗೆ ಎಂಥ ಶಾಂತಿ ಮೂಡುತ್ತದೆ ಎಂದು ಕಣ್ಣು ಮುಚ್ಚಿ ವರ್ಣಿಸಿದರು. ನಾನು ಕೈ ಎತ್ತಿದೆ.

"ಸರ್, ನೀವು ಮನ್ಯಾಗ ದಿನಾ ಭಾಂಡಿ ತಿಕ್ತೀರೇನ್ರಿ?"

"ನಮ್ಮನೇಲಿ ಕೆಲಸದವರಿದ್ದಾರೆ ಮೇಡಂ. ಇಲ್ಲಿ ಮುಖ್ಯವಾದದ್ದು ಭಾವನೆ."

ಭಾವನೆ ಅವರದು, ಭಾಂಡಿ ಇನ್ನೊಬ್ಬರದು. ಈ ಏರ್ಪಾಡು ನನಗೂ ಒಪ್ಪಿಗೆಯಾಗುತ್ತಿತ್ತು.

ಮನೆಪಾಠವೂ ಇತ್ತು. ದಿನವೂ ಕೃತಜ್ಞತೆ ಹುಟ್ಟಿಸಿದ ಮೂರು ಸಂಗತಿ ಬರೆಯಬೇಕು. ಶಹಾಪುರದ ಮನೆಗೆ ಬಂದವಳೇ ವಿಧೇಯ ವಿದ್ಯಾರ್ಥಿನಿಯಂತೆ ಬರೆದೆ: ನಳಕ್ಕೆ ನೀರು ಬಂತು. ಗ್ಯಾಸ್ ಮುಗಿಯಲಿಲ್ಲ. ಅತ್ತೆ ಮಧ್ಯಾಹ್ನ ಎರಡು ತಾಸು ಮಲಗಿದ್ದರು. ಸುರಪುರದ ಕಚೇರಿಯಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಅದನ್ನು ಓದಿ, "ಮೂರನೇದು ಅವ್ವಗ ಓದಿ ಹೇಳ್ಲೇನು?" ಎಂದರು. ನನ್ನ ಡೈರಿ ಅಲ್ಲಿಗೇ ಮುಗಿಯಿತು.

ಮನೆಯಲ್ಲಿ ನಾವು ಮೂವರೇ. ನಾನು ಗೋಗಿಯ ಶಾಲೆಗೆ ಹೋಗುತ್ತೇನೆ, ಗಂಡ ಸುರಪುರಕ್ಕೆ, ಅತ್ತೆ ಎಲ್ಲಿಗೂ ಇಲ್ಲ. ಆರು ವರ್ಷದ ಹಿಂದೆ ಮೊಣಕಾಲು ಕೈಕೊಟ್ಟ ಮೇಲೆ ಪಡಸಾಲೆಯ ಮಂಚವೇ ಅವರ ಜಾಗ. ಅಲ್ಲಿಂದ ಅಡುಗೆಮನೆಯ ಬಾಗಿಲು ನೇರ ಕಾಣುತ್ತದೆ. ಕಾಣದ ಭಾಗವನ್ನು ಅವರು ಮೂಗಿನಿಂದಲೇ ನೋಡುತ್ತಾರೆ. "ಒಗ್ಗರಣಿ ಹೊತ್ತಾಕತ್ತದ ನೋಡು" ಎಂಬುದು ನನ್ನ ಪ್ರತಿ ಮುಂಜಾನೆಯ ಸುಪ್ರಭಾತ. ಅವರು ಗುರುಮಠಕಲ್ ಕಡೆಯವರು. ಸಿಟ್ಟು ಹೆಚ್ಚಾದರೆ ಕನ್ನಡ ಸಾಲದೆ ತೆಲುಗಿಗೆ ಇಳಿಯುತ್ತಾರೆ.

ತರಬೇತಿಯಾದ ವಾರದಲ್ಲೇ, ನಸುಕಿನಲ್ಲಿ ನಳ ಬಂದ ಗಡಿಬಿಡಿಯಲ್ಲಿ ಕೊಡ ಎತ್ತಿಕೊಂಡು ಓಡುತ್ತಿದ್ದವಳು ಒದ್ದೆ ಪರಸಿ ಕಲ್ಲಿನ ಮೇಲೆ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿಯಿತು. ಕೊಡಕ್ಕೆ ಏನೂ ಆಗಲಿಲ್ಲ ಎಂದು ಗಂಡ ಸಮಾಧಾನ ಹೇಳಿದರು. ಡಾಕ್ಟರು ಮೊಣಕೈತನಕ ಪ್ಲಾಸ್ಟರ್ ಹಾಕಿ, "ಆರು ವಾರ ಯಾವ ಕೆಲಸಾನೂ ಮಾಡಂಗಿಲ್ರಿ" ಎಂದರು. ನಾನು ಕೇಳಿಸದವಳಂತೆ ಇನ್ನೊಮ್ಮೆ ಹೇಳಿಸಿದೆ. ಮದುವೆಯಾದಾಗಿನಿಂದ ಯಾರೂ ನನಗೆ ಇಷ್ಟು ಚಂದದ ಮಾತು ಆಡಿರಲಿಲ್ಲ.

ಶಾಲೆಗೂ ರಜೆ ಹಾಕಿದೆ. ಮೊದಲ ವಾರ ರಾಣಿಯಂತೆ ಕಳೆಯಿತು. ಮಂಚದ ಒಂದು ತುದಿಗೆ ಅತ್ತೆ, ಇನ್ನೊಂದು ತುದಿಗೆ ನಾನು. ಗಂಡ ಅಡುಗೆಮನೆಗೆ ಇಳಿದರು. ಸಾಸಿವೆ ಡಬ್ಬಿಯ ಎದುರಿಗೇ ನಿಂತು, "ಸಾಸಿವಿ ಎಲ್ಲೈತಿ?" ಎಂದು ಕೂಗುತ್ತಿದ್ದರು. ಒಂದು ಬಟ್ಟಲು ತೊಳೆದರೆ ಸಾಕು, ಅದನ್ನು ಪಡಸಾಲೆಗೆ ತಂದು, "ತಳಾ ನೋಡು, ಹೆಂಗ ಹೊಳ್ಯಾಕತ್ತದ" ಎಂದು ತೋರಿಸಿ, ನಾನು ತಲೆಯಾಡಿಸಿದ ಮೇಲೆಯೇ ಮುಂದಿನದನ್ನು ಮುಟ್ಟುತ್ತಿದ್ದರು. ನಾನು ಈವರೆಗೆ ತಿಕ್ಕಿದ ಪಾತ್ರೆಗಳನ್ನೆಲ್ಲ ಹೀಗೆ ತೋರಿಸುತ್ತ ಕೂತಿದ್ದರೆ ಇಷ್ಟು ಹೊತ್ತಿಗೆ ಎಲ್ಲಿಯೋ ಒಂದು ಸನ್ಮಾನ ಆಗಿರುತ್ತಿತ್ತು.

ಎರಡನೆಯ ವಾರಕ್ಕೆ ರಾಣಿತನ ಬೇಸರ ಬಂತು. ಕಸ ಕಣ್ಣೆದುರು ಬಿದ್ದಿರುತ್ತಿತ್ತು, ಗುಡಿಸುವಂತಿರಲಿಲ್ಲ. ಹಗ್ಗದ ಮೇಲೆ ಬಟ್ಟೆ ಸೊಟ್ಟಗೆ ಒಣಗುತ್ತಿದ್ದವು, ಸರಿಪಡಿಸುವಂತಿರಲಿಲ್ಲ. ನನ್ನನ್ನು ಯಾರೂ ಯಾವುದಕ್ಕೂ ಕರೆಯುತ್ತಿರಲಿಲ್ಲ. ಮೂರನೆಯ ವಾರದ ಒಂದು ಬೆಳಿಗ್ಗೆ ಅಡುಗೆಮನೆಯಿಂದ ವಾಸನೆ ಬಂತು. ನನಗರಿವಿಲ್ಲದೆ ಬಾಯಿ ತೆರೆಯಿತು: "ಒಗ್ಗರಣಿ ಹೊತ್ತಾಕತ್ತದ ನೋಡ್ರಿ!"

ಅದೇ ಮಾತು, ಅದೇ ರಾಗ. ಪಕ್ಕದಲ್ಲಿದ್ದ ಅತ್ತೆ ಮೆಲ್ಲಗೆ ನನ್ನ ಕಡೆ ತಿರುಗಿ ನೋಡಿದರು. ನಕ್ಕರೋ ಇಲ್ಲವೋ ಹೇಳಲಾರೆ. ಸೆರಗು ಬಾಯಿಗೆ ಅಡ್ಡ ಇತ್ತು.

ಆ ದಿನವೇ ಗಂಡ ನನಗೆ ಜಡೆ ಹಾಕಲು ಕೂತರು. ಕಚೇರಿಯ ಕಡತ ಕಟ್ಟಿದ ಹಾಗೆ ಕೂದಲನ್ನು ಹಿಡಿದು ಎರಡು ಸುತ್ತು ಸುತ್ತಿ ಗಂಟು ಹಾಕಿದರು. ಅತ್ತೆಗೆ ಅದನ್ನು ನೋಡಿ ತಡೆಯಲಾಗಲಿಲ್ಲ. "ಏಂದಿರಾ ಇದಿ!" ಎಂದು ಮಗನಿಗೆ ತೆಲುಗಿನಲ್ಲೇ ಬೈದು, "ಬಾರವ್ವ ಇಲ್ಲಿ, ಕುಂದ್ರು" ಎಂದು ನನ್ನನ್ನು ಮಂಚದ ಕೆಳಗೆ ಕೂರಿಸಿಕೊಂಡರು. ಮಗ ಬಸ್ಸು ತಪ್ಪುತ್ತದೆಂದು ಓಡಿದ.

ಅತ್ತೆ ಹುಬ್ಬು ಮೇಲೇರುವಷ್ಟು ಬಿಗಿಯಾಗಿ ಹೆಣೆಯತೊಡಗಿದರು. ಬೆನ್ನ ಹಿಂದೆ ಇದ್ದುದರಿಂದಲೋ ಏನೋ, ಅವರ ಬಾಯಿಂದ ಮಾತು ಹೊರಬಂತು.

"ಬ್ಯಾಸರ ಆಗ್ಯದಿಲ್ಲ?"

"ಹೌದ್ರಿ ಅತ್ತಿ."

"ನಿಂದು ಮೂರು ವಾರ. ನಂದು ಆರು ವರ್ಷ. ಮೊಣಕಾಲು ಹೋದ್ವು, ಕೆಲಸಾನೂ ಹೋತು. ಬಾಯೊಂದು ಉಳೀತು. ಅದನ್ನೂ ಮುಚ್ಕೊಂಡು ಕುಂತ್ರ ನಾ ಮನ್ಯಾಗ ಅದೀನಿ ಅಂತ ಯಾರಿಗಿ ಗೊತ್ತಾಗಬೇಕು?"

"ಕೆಲಸ ಬೇಕಂತ ಒಂದಿನಾನೂ ಹೇಳ್ಲಿಲ್ಲಲ್ರಿ."

"ನೀ ಕೇಳಿದ್ದೇನು?"

ನಾನು ಕೇಳಿರಲಿಲ್ಲ. ಹೊತ್ತಿಗೆ ಊಟ, ಮಾತ್ರೆ, ತಲೆದಿಂಬು ಕೊಟ್ಟು, ಕೈಯಿಂದ ಕೆಲಸವನ್ನೆಲ್ಲ ಕಿತ್ತುಕೊಂಡು, ಎಂಥ ಒಳ್ಳೆಯ ಸೊಸೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಕಣ್ಣಲ್ಲಿ ನೀರು ಬಂತು. ಜಡೆ ಬಿಗಿಯಾಗಿದ್ದುದರಿಂದ ಎಂದು ಅತ್ತೆ ತಿಳಿದರು, ನಾನೂ ಹಾಗೇ ಇರಲಿ ಎಂದು ಬಿಟ್ಟೆ.

ಮರುದಿನ ಅತ್ತೆಯ ಅಪ್ಪಣೆಯಂತೆ ಗಂಡ ಹಳೆಯ ಒಂಟಿ ಒಲೆಯನ್ನು ನೆಲದ ಮೇಲೆ ಇಟ್ಟರು. ಅತ್ತೆಯನ್ನು ಇಬ್ಬರೂ ಹಿಡಿದು ಮಣೆಯ ಮೇಲೆ, ಕಾಲು ಚಾಚುವ ಹಾಗೆ ಕೂರಿಸಿದೆವು. ಅವರು ಬಡಿದ ಮೊದಲ ರೊಟ್ಟಿ ಹರಿಯಿತು. ತಪ್ಪು ಹಿಟ್ಟಿನದಾಯಿತು. ಎರಡನೆಯದೂ ಹರಿಯಿತು. ತಪ್ಪು ಒಲೆಯದಾಯಿತು. ಮೂರನೆಯದು ಹಂಚಿನ ಮೇಲೆ ಪೂರ್ತಿ ಉಬ್ಬಿ ನಿಂತಿತು. ಅತ್ತೆಯ ಹಣೆ ಬೆವತಿತ್ತು, ಬಳೆಗಳಿಗೆ ಹಿಟ್ಟು ಮೆತ್ತಿತ್ತು. ಆ ರೊಟ್ಟಿಯನ್ನು ಅವರೇ ಚೂರು ಮಾಡಿ, ಪುಂಡಿಪಲ್ಯ ಕಲಸಿ, ನನ್ನ ಎಡಗೈಗೆ ನಿಲುಕುವಂತೆ ತಾಟು ಸರಿಸಿದರು. ಹೇಗಿದೆ ಎಂದು ಕೇಳಲಿಲ್ಲ. ಇನ್ನೊಂದು ಬೇಕೆಂದು ನಾನು ತಾಟು ಚಾಚಿದೆ.

ಪ್ಲಾಸ್ಟರ್ ಬಿಚ್ಚಿದಾಗ ಕೈ ಬೇರೆ ಯಾರದೋ ಎಂಬಂತೆ ಸಣ್ಣಗಾಗಿತ್ತು. ಬೆರಳಿಗೆ ಬಲ ಬರಲೆಂದು ಡಾಕ್ಟರು ರಬ್ಬರ್ ಚೆಂಡು ಹಿಸುಕಲು ಹೇಳಿದರು. "ಚಂಡು ಹಿಸುಕಿದ್ರ ಯಾರ ಹೊಟ್ಟಿ ತುಂಬ್ತದ?" ಎಂದು ಅತ್ತೆ ಜೋಳದ ಹಿಟ್ಟು ಮುಂದಿಟ್ಟರು. ಮೊದಲ ದಿನ ಒಂದು ಹಿಡಿ ಹಿಟ್ಟು ನಾದುವಷ್ಟರಲ್ಲಿ ಕೈ ಸೋತಿತು. ಆದರೂ ಬಿಸಿ ಹಿಟ್ಟಿನಲ್ಲಿ ಬೆರಳು ಹೂತಿಟ್ಟು ಸುಮ್ಮನೆ ಕೂತಿದ್ದೆ, ಏಳಬೇಕೆನಿಸಲಿಲ್ಲ.

ಈಗ ರಜೆಯ ದಿನಗಳಲ್ಲಿ ನಾನು ನಾದುತ್ತೇನೆ, ಅತ್ತೆ ಬಡಿಯುತ್ತಾರೆ, ನಾನು ಬೇಯಿಸುತ್ತೇನೆ. ಉರಿ ಹೆಚ್ಚಾಯಿತೆಂದು ಅವರು, ಕಡಿಮೆಯಾಯಿತೆಂದು ನಾನು. ಮೊನ್ನೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಇದನ್ನು ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯ ಟೀಚರ್, ಈ ವಯಸ್ಸಿನ್ಯಾಗ ಮುದುಕಿ ಕೈಲಿ ರೊಟ್ಟಿ ಬಡಸ್ತೀರಲ್ರಿ!"

ಅತ್ತೆ ನನ್ನ ಪರವಾಗಿ ಏನಾದರೂ ಅಂದಾರು ಎಂದು ಕಾದೆ. ಅವರು ನಿಟ್ಟುಸಿರು ಬಿಟ್ಟು, ಸೆರಗಿನಿಂದ ಹಣೆ ಒರೆಸಿಕೊಂಡು, "ಏನ್ ಮಾಡ್ಲವ್ವ, ನಮ್ಮ ನಸೀಬ" ಎಂದರು. ಆಕೆ ಮಜ್ಜಿಗೆ ಹಿಡಿದುಕೊಂಡು, ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದಳು.

ಬಾಗಿಲು ಮುಚ್ಚಿದ ಸದ್ದಾಯಿತು. ಅತ್ತೆ ಮಣೆಯ ಮೇಲೆ ಇನ್ನಷ್ಟು ಸರಿಯಾಗಿ ಕೂತು, "ಹಿಟ್ಟು ನಾದು ಲಗೂನ" ಎಂದರು, "ಇನ್ನೂ ನಾಕು ಆಗ್ತಾವ."